ಸೋಫಾ ಹೋದ ಮೇಲೆ

ರೋಲಾದ ಆರನೇ ಮಹಡಿ.
ಹನ್ನೊಂದು ವರ್ಷ ಪ್ಲಾಸ್ಟಿಕ್ ಕಳಚದೆ
ಕಾಪಾಡಿದ ಸೋಫಾ,
ಊರಲ್ಲಿ ಮನೆ ಕಟ್ಟಿದ ಮೇಲೆ ತೆಗೆಯುವುದೆಂದು.
ಬೆವರಿದ ಕಾಲಿಗೆ ಅಂಟಿ
ಎದ್ದಾಗೆಲ್ಲ ಚರ್ರೆನ್ನುತ್ತಿತ್ತು.

ಸಂಬಳ ಅರ್ಧವಾದ ತಿಂಗಳು,
ವಿಮಾನ ಹಾರುತ್ತದೋ ಇಲ್ಲವೋ
ಯಾರಿಗೂ ತಿಳಿಯದ ವಾರ,
ಪೇಶಾವರದ ಗುಲ್‌ಜಮಾನ್ ಬಂದ.
ನಾನೂರು ಅಂದೆ. ಇನ್ನೂರೈವತ್ತು ಕೊಟ್ಟ.
ಲಿಫ್ಟಿಗೆ ಹಿಡಿಯದ್ದನ್ನು ಮೆಟ್ಟಿಲಲ್ಲೇ ಇಳಿಸಿದ.

ಬಾಲ್ಕನಿಯಿಂದ ಬಗ್ಗಿ ನೋಡಿದೆ:
ಪಿಕಪ್ಪಿನ ಮೇಲೇರಿಸಿ
ಪರ್ರನೆ ಪ್ಲಾಸ್ಟಿಕ್ ಹರಿದು
ಕಾಲು ಚಾಚಿ ಕೂತ,
ಯಾರೋ ಕೊಟ್ಟ ಕಡಕ್ ಚಹಾ ಹೀರುತ್ತ.
ಅಷ್ಟು ಹಸಿರಿತ್ತೇ ಅದು?

ಮೊದಲು ಹೊಟ್ಟೆ ಉರಿಯಿತು. ಸುಳ್ಳೇಕೆ.

ರಾತ್ರಿ ಇವರು ಬರೀ ಟೈಲ್ಸಿನ ಮೇಲೆ
ಅಂಗಾತ ಮಲಗಿ,
ಇಷ್ಟು ದೊಡ್ಡದಿತ್ತಾ ಮೈಮೂನ, ಈ ರೂಮು, ಅಂದರು.
ಪಕ್ಕದ ಕುಮುದಿನಿ ಬಂಗುಡೆ ಸಾರು ತಂದಳು.
ಪೇಪರ್ ಹಾಸಿ, ಮಂಡಿಗೆ ಮಂಡಿ ತಾಗಿಸಿ ಉಂಡೆವು,
ಚೆಲ್ಲೀತು ಜೋಕೆ ಎಂದು ಮಕ್ಕಳನ್ನು ಗದರಿಸದೆ.

ಸುಖವೆಂದರೆ ಇದೇ ಎನ್ನಲಾರೆ;
ನಾಳೆ ಬಾಡಿಗೆಯಿದೆ.
ಕಪಾಟಿನ ತಳದಲ್ಲಿದ್ದ ಊದ್ ಅತ್ತರಿನ ಸೀಲು ಮಾತ್ರ
ಇವತ್ತೇ ಒಡೆದೆ,
ಮೀನು ನಾರುವ ಕೈಗೇ ಹಚ್ಚಿಕೊಂಡೆ.

ಸೋಫಾದ ನಾಲ್ಕು ಕಾಲಿನ ಗುರುತಿನೊಳಗೆ
ಮಗಳು ಕುಂಟಾಬಿಲ್ಲೆ ಆಡುತ್ತಿದ್ದಾಳೆ.
ಕೆಳಮನೆಯವರು ಕೋಲಲ್ಲಿ ಕುಟ್ಟುತ್ತಿದ್ದಾರೆ.