ಗುರುತು ಒಂದು

ಪುಟಕ್ಕೆ ಮೂವತ್ತೈದು ಪೈಸೆ.
ಸಿವಿಲ್ ಕೋರ್ಟಿನ ನೆಲಮಾಳಿಗೆಯಲ್ಲಿ
ಹಳೆ ಕಡತದ ದಾರ ಬಿಚ್ಚಿ, ದೂಳು ಕೊಡವಿ
ಗಾಜಿನ ಮೇಲೆ ಬೋರಲು ಹಾಕುವುದು ನನ್ನ ಕೆಲಸ.
ಓದುವುದಕ್ಕೆ ಕೂಲಿಯಿಲ್ಲ.
ಆದರೂ ಕೆಲವರ ಅಕ್ಷರ
ಸೆರಗಿಗೆ ಉತ್ತರಾಣಿ ಹತ್ತಿದ ಹಾಗೆ ಬಿಡುವುದೇ ಇಲ್ಲ.

ಪ್ಲೀಡರ್ ಲಗುಮಯ್ಯ.
ಕಬ್ಬನ್‌ಪೇಟೆಯ ಮಗ್ಗದ ಗುಂಡಿಯಿಂದೆದ್ದು
ಸನ್ನದು ಪಡೆದವನು.
ಮೇಲೆ ವಕೀಲರ ಓಣಿಯಲ್ಲಿ ಪಟವಿದೆ:
ಕರಿಕೋಟು, ಜರಿ ರುಮಾಲು,
ಪಾದದ ಜಾಗವನ್ನು ಗೆದ್ದಲು ತಿಂದಿದೆ.

ಆ ವರ್ಷ ದಸರೆಗೆ ರೈಲು ಹತ್ತಿ ಮೈಸೂರಿಗೆ ಹೋದ.
ಪ್ರಜಾಪ್ರತಿನಿಧಿ ಸಭೆಯಲ್ಲಿ ಸರದಿ ಬಂದಾಗ ಎದ್ದು ನಿಂತ:
‘ಲಾಳಿ ಓಡಿದರಷ್ಟೇ ಒಲೆ ಉರಿಯುವ ಮನೆಗಳಿವೆ, ಸ್ವಾಮಿ,
ಮಗ್ಗದ ಮೇಲೆ ತೆರಿಗೆ ಬೇಡ.’
ಅಚ್ಚಾದ ವರದಿಯಲ್ಲಿ ಇದಕ್ಕೆ ಉತ್ತರ
ಒಂದೇ ಸಾಲು. ಸರ್ಕಾರದ ಗಮನದಲ್ಲಿದೆ.

ಆ ವರದಿ ಈ ಕಡತಕ್ಕೆ ಹೇಗೆ ಬಂತು?

ವಾದಿ, ನೂಲಿನ ಸಾಹುಕಾರ ಮುತ್ಯಾಲಶೆಟ್ಟಿ.
ವಾದಿಯ ವಕೀಲ, ಲಗುಮಯ್ಯ.
ಪ್ರತಿವಾದಿ ಹುಚ್ಚೀರಯ್ಯ, ಕಸುಬು ನೇಯ್ಗೆ,
ಬಾಕಿ ನಲವತ್ತೆರಡು ರೂಪಾಯಿ, ಬಡ್ಡಿ ಬೇರೆ.
ಕಸುಬುದಾರನ ಹತ್ಯಾರು ಜಪ್ತಿಗೆ ಬಾರದು,
ಕಾಯಿದೆ ಹಾಗನ್ನುತ್ತದೆ.
ಲಗುಮಯ್ಯ ಅನ್ನುತ್ತಾನೆ:
ಮನೆಯಲ್ಲಿರುವುದು ಎರಡು ಮಗ್ಗ.
ಒಂದು ಹತ್ಯಾರು. ಇನ್ನೊಂದು ಸೊತ್ತು.
ಎಷ್ಟು ನಯವಾದ ವಾದ! ಒಂದೆಳೆಯೂ ಗಂಟಿಲ್ಲ.

ಹುಚ್ಚೀರಯ್ಯನ ಜವಾಬು ಯಾರೋ ಬರೆದುಕೊಟ್ಟದ್ದು:
‘ಎರಡನೆಯದು ಈ ವಕೀಲರು ಕೂತು ಕಲಿತ ಮಗ್ಗ.
ಇವರ ಬೆರಳಿಗೆ ಮೊದಲು ಲಾಳಿ ಕೊಟ್ಟವನು ನಾನು.
ದಸರೆಯಲ್ಲಿ ಇವರೇ ಆಡಿದ ಮಾತನ್ನು ಜೊತೆಗೆ ಹಾಜರು ಮಾಡಿದ್ದೇನೆ.’
ಸಹಿಯ ಜಾಗದಲ್ಲಿ ಪುಟ್ಟದೊಂದು ಲಾಳಿಯ ಚಿತ್ರ.

ವರದಿಯ ಮೂಲೆಯಲ್ಲಿ ಕೆಂಪು ಶಾಯಿ:
ಪ್ರತಿವಾದಿಯ ಕಡೆ, ಗುರುತು ಒಂದು.
ಅದರ ಕೆಳಗೆ ಮುನ್ಸೀಫರ ಕೈ:
ಅಪ್ರಸ್ತುತ.

ಹರಾಜಿನ ಪಟ್ಟಿ ಕೊನೆಯ ಹಾಳೆ.
ಮಗ್ಗ ಒಂದು. ಲಾಳಿ ಮೂರು. ಹಣಿಗೆ, ಹಲ್ಲು ಮುರಿದದ್ದು.
ಸವಾಲು ಕೂಗಿದವರು ಇಬ್ಬರು.
ಹನ್ನೊಂದು ರೂಪಾಯಿ ನಾಲ್ಕಾಣೆಗೆ ಹಿಡಿದವರು
ಪುಟ್ಟಚೌಡಮ್ಮ,
ಪ್ಲೀಡರ್ ಲಗುಮಯ್ಯನವರ ಹೆಂಡತಿ.

ಗಂಡ ಕಳಿಸಿದನೋ, ಗಂಡನಿಗೆ ಹೇಳದೆ
ಬಳೆ ಬಿಚ್ಚಿ ಬಂದಳೋ.
ಮಗ್ಗ ಯಾವ ಮನೆಗೆ ಹೋಯಿತೋ.
ಆಮೇಲಿನ ದಸರೆಗಳ ವರದಿಯನ್ನೂ ಹುಡುಕಿಸಿದೆ.
ಹಾಜರಿಯಲ್ಲಿ ಹೆಸರಿದೆ, ಮಾತಿಲ್ಲ.

ಗಾಡಿ ಸಿಗದ ಸಂಜೆ ಕಬ್ಬನ್‌ಪೇಟೆಯ ಒಳಗಿಂದ ನಡೆಯುತ್ತೇನೆ.
ಶಟರಿನ ಹಿಂದೆ ಇನ್ನೂ ಕೆಲವು ಮಗ್ಗ, ವಿದ್ಯುತ್ತಿನವು,
ಖಟಖಟ ಖಟಖಟ,
ಕೇಳಿದರೆ ಯಾರೂ ನಿಲ್ಲಿಸಿ ಉತ್ತರ ಹೇಳುವುದಿಲ್ಲ.

ಪಟ್ಟಿಯ ಬೆನ್ನು ಖಾಲಿ.
ಖಾಲಿ ಪುಟಕ್ಕೂ ಮೂವತ್ತೈದು ಪೈಸೆ.
ತಿರುವಿ ಹಾಕುತ್ತೇನೆ.