ಕಾಲು ತೆಗಿ

ಅತ್ತಿಗುಂಡಿ, ಸೋಮವಾರ, ಬೆಳಗಿನ ನಾಲ್ಕೂ ಮುಕ್ಕಾಲು.
ಗಾಜಿಗೆ ಕೂತ ಇಬ್ಬನಿ ವೈಪರಿಗೆ ಜಗ್ಗುತ್ತಿಲ್ಲ,
ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆಯುತ್ತೇನೆ.
ಹಿಂದಿನ ಸೀಟಿನಲ್ಲಿ ದ್ಯಾವಮ್ಮ,
ಎರಡು ಕಂಬಳಿ, ಒಂದು ಮಫ್ಲರು,
ಎಡಗೈ ಮಾತ್ರ ಹೊರಗೆ.
ಆ ಕೈಮೇಲೆ ಕಂಬಳಿಯ ಭಾರವೂ ಬೀಳಬಾರದಂತೆ.
ಆರೂವರೆಗೆ ಕೆಳಗೆ ದೊಡ್ಡಾಸ್ಪತ್ರೆಯಲ್ಲಿ ಅವಳ ಪಾಳಿ,
ತಪ್ಪಿದರೆ ಇನ್ನು ನಾಡಿದ್ದೇ.

ಮೊದಲಿನ ವ್ಯಾನಿಗೆ ಚೋಕಿತ್ತು.
ಕಿವಿ ಹಿಂಡಿದ ಹಾಗೆ ಅದನ್ನು ಎಳೆದು
ನಾಲ್ಕು ಸಲ ತುಳಿದು, ಎರಡು ಸಲ ಬೈದು
ಕೀಲಿ ತಿರುವಿದರೆ
ಕೆಮ್ಮಿ, ಕ್ಯಾಕರಿಸಿ, ಏಳುತ್ತಿತ್ತು, ನಮ್ಮಪ್ಪನ ಥರ.
ಇದರ ಜಾತಿ ಬೇರೆ.
ಎರಡು ಸಾವಿರದ ಆರರ ಓಮ್ನಿ, ಇಂಜೆಕ್ಷನ್ ಗಾಡಿ,
ಕಡೂರಿನ ಹೂವಿನ ವ್ಯಾಪಾರಿಯಿಂದ ಕೊಂಡಿದ್ದು,
ಮ್ಯಾಟಿನಡಿ ಈಗಲೂ ಒಣಗಿದ ಸೇವಂತಿಗೆ ಸಿಗುತ್ತೆ.
ಎಷ್ಟು ಪೆಟ್ರೋಲು ಕುಡಿಯಬೇಕು ಅಂತ
ನನ್ನನ್ನು ಕೇಳುವುದಿಲ್ಲ ಇದು.

ತಿರುವಿದೆ. ಕಿರ್ರ್, ಕಿರ್ರ್.
ಅಭ್ಯಾಸಬಲ, ತುಳಿದೆ. ಮತ್ತೆ ತಿರುವಿದೆ.
ವ್ಯಾನು ತುಂಬ ಪೆಟ್ರೋಲು ವಾಸನೆ,
ಬ್ಯಾಟರಿ ಗಬ್ಬದೆಮ್ಮೆಯ ಹಾಗೆ ಒಂದು ಉಸಿರು ಬಿಟ್ಟಿತು.

ಸಿಗ್ನಲ್ಲಿನ ಬಂಡೆ ಹತ್ತಿ
ಉಪ್ಪಳ್ಳಿಯ ಫಕ್ರುವನ್ನು ಎಬ್ಬಿಸಿದೆ.
'ಕಾಲು ತೆಗಿ ಮಾರಾಯ.
ತುಳಿದಷ್ಟೂ ಮುಳುಗಿಸ್ತೀಯ ಅದನ್ನ.
ಒಂದೇ ಒಂದು ಸಲ ಪೂರಾ ಒತ್ತಿಹಿಡಿದು ತಿರುಗ್ಸು, ಹೊಟ್ಟೆ ಒಣಗಲಿ.
ಆಮೇಲೆ ಕಾಲು ತೆಗಿ. ಕೀಲಿ ಅರ್ಧಕ್ಕೆ.
ಹಿಂದೆ ಟ್ಯಾಂಕಲ್ಲಿ ಪಂಪು ಗುಂಯ್ ಅನ್ನುತ್ತೆ,
ಅದು ನಿಲ್ಲೋ ತನಕ ಸುಮ್ನಿರು. ಆಫ್ ಮಾಡು. ಹಿಂಗೆ ಮೂರು ಸಲ.
ನಿಮ್ಮ ಗುಡ್ಡದಲ್ಲಿ ಗಾಳಿನೂ ತೆಳ್ಳಗೆ,
ಅದರ ಮೇಲೆ ಶಾಖ ಅಳೆಯೋ ಸೆನ್ಸಾರು ಸುಳ್ಳು ಹೇಳ್ತಿದೆ,
ಇಂಜಿನ್ನು ಈಗ ಮಟಮಟ ಮಧ್ಯಾಹ್ನ ಅಂದ್ಕೊಂಡಿದೆ.
ಬುಧವಾರ ಹೆಂಗೂ ಬರ್ತೀಯಲ್ಲ, ಬದಲಾಯಿಸಣ. ಆರುನೂರು.'

ಕೀಲಿ ಅರ್ಧಕ್ಕೆ.
ಗುಂಯ್.
ಸುಮ್ಮನಿರು ಅಂದರೆ ಹೇಗಿರುವುದು?
ಹದಿನೆಂಟು ವರ್ಷದಲ್ಲಿ ಒಬ್ಬರೂ ಹೇಳಿಕೊಟ್ಟಿಲ್ಲ.
ಬಲಗಾಲನ್ನು ಮಡಿಸಿ, ಸೀಟಿನಡಿ ಬಚ್ಚಿಟ್ಟೆ.

ಎರಡನೇ ಗುಂಯ್ಗೆ ಹಿಂದಿನಿಂದ ದ್ಯಾವಮ್ಮ:
'ನನ್ ಮಿಶನ್ನೂ ಹಿಂಗೇ ಕಣಪ್ಪ.
ಮೊದ್ಲು ಗುಂಯ್ ಅನ್ನುತ್ತೆ.
ಆಮೇಲೇ ರಕ್ತ ಹೊರಡೋದು.
ಕೈ ಬಿಗಿ ಹಿಡೀಬೇಡಿ ಅಜ್ಜಿ, ನೀವೇನೂ ಮಾಡೋದು ಬ್ಯಾಡ
ಅಂತಾಳೆ ಆ ಕೊಪ್ಪದ ಹುಡುಗಿ.
ಏನೂ ಮಾಡ್ದೆ ನಾಕು ಗಂಟೆ.
ಮೊದಮೊದ್ಲು ಅದೇ ಕಷ್ಟ ಆಗಿದ್ದು, ಸೂಜಿ ಅಲ್ಲ.'

ಮೂರನೇದು.
ಇಬ್ಬರೂ ಕೇಳುತ್ತಾ ಕೂತೆವು.
ನಿಂತಿತು.

ತಿರುವಿದೆ. ಹತ್ತಿತು.
ಹತ್ತಿ, ನಡುಗಿ, ಕುಗ್ಗಿ, ಇನ್ನೇನು ಹೋಯಿತು ಅನ್ನುವಾಗ
ಕಾಲು ಸೀಟಿನಡಿ ಒದ್ದಾಡಿತು.
ಬಿಡಲಿಲ್ಲ.
ತಾನಾಗಿಯೇ ಮೇಲೆದ್ದು ಉಸಿರು ಹಿಡಿಯಿತು ಗಾಡಿ.

ಕೈಮರದವರೆಗೆ ಇಳಿಜಾರು, ಎರಡನೇ ಗೇರು.
'ಅದೇನು ಹಳದಿ ದೀಪ, ಆರ್‍ತಾನೇ ಇಲ್ಲ?'
ಅಂದಳು ದ್ಯಾವಮ್ಮ, ಎಡಗೈಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು.
'ಅದಾ? ಅದು ಆರುನೂರು ರೂಪಾಯಿ' ಅಂದೆ.