ಶೇಡ್ ಕಾರ್ಡಿನ ಬೆನ್ನಿಗೆ

ಹತ್ತೊಂಬತ್ತು ವರ್ಷದಿಂದ ಬಂದರಿನ ಪೇಂಟಂಗಡಿಯಲ್ಲಿ
ಬಣ್ಣ ಕಲಸುವವ ನಾನು.
ಹಳೇ ಗೋಡೆಯ ಚಕ್ಕೆ ತಂದು ಮುಂದಿಟ್ಟರೆ
ಎಷ್ಟು ಹನಿ ಕಪ್ಪು, ಎಷ್ಟು ಹನಿ ಕಾವಿ,
ಯಂತ್ರಕ್ಕಿಂತ ಮೊದಲು ನನಗೆ ಗೊತ್ತು.
ಹಾಗಾಗಿ ಕುಂಜಿಬೆಟ್ಟಿನಲ್ಲಿ
ಯತಿರಾಜ ಬಂಗೇರರ ಮಹಡಿ ಹತ್ತಿ
ಡಬ್ಬಿಗಳ ಸಾಲಿನೆದುರು ನಿಂತಾಗ
ಆಯುವುದು ಸುಲಭ ಅಂದುಕೊಂಡಿದ್ದೆ.

ಬೋವಾ. ಯಾವುದೋ ದೂರದ ಕಾಡಿನ ಕುಲ,
ಹುಟ್ಟಿದ್ದು ಮಾತ್ರ ಇದೇ ಮಹಡಿಯಲ್ಲಿ.
ಕಾಗದಪತ್ರ ಎಲ್ಲ ಸರಿ ಉಂಟು.
"ಹೀಟರ್ ಗೀಟರ್ ಬೇಡ ಮಾರಾಯ್ರೆ,
ನಮ್ಮ ಏಪ್ರಿಲ್ ಸಾಕು."
ಮೊಟ್ಟೆ ಇಡುವುದಿಲ್ಲವಂತೆ, ಹೆರುತ್ತದಂತೆ,
ಒಂದೇ ಬಸಿರಿಗೆ ಇಪ್ಪತ್ತು, ಮೂವತ್ತು,
ಒದ್ದೆ ಹಗ್ಗದ ತುಂಡುಗಳ ಹಾಗೆ.

ಮೊದಲ ಡಬ್ಬಿಯಲ್ಲಿ ಸನ್‌ಗ್ಲೋ:
ಬೂತಾಯಿ ಸಾರಿನ ಮೇಲೆ ತೇಲುವ ಎಣ್ಣೆಯ ಕಿತ್ತಳೆ,
ಕಣ್ಣು ಊದಿದ ಕೆಂಡ,
ಬೆಲೆ ನನ್ನ ಸ್ಕೂಟರಿಗಿಂತ ಹೆಚ್ಚು.
ಮುಂದಿನದರಲ್ಲಿ ಕೆಂಪಿನ ಹನಿಯೂ ಇಲ್ಲ,
ಐಸಿನಲ್ಲಿ ಎರಡು ದಿನ ಮಲಗಿದ ಬಂಗುಡೆಯ ಬೆನ್ನು.
ಮಾಟ್ಲಿಗೆ ಬೆನ್ನುದ್ದಕ್ಕೂ ಕೂಡಿಕೊಂಡ ಬಳೆಗಳು.
"ಇಂಥವೆರಡನ್ನು ಜೋಡಿ ಮಾಡಬೇಡಿ," ಅಂದರು,
"ಕೆಲವು ಕಪ್ಪಗೆ ಹುಟ್ಟುತ್ತವೆ, ತುಂಬ ಚಂದ.
ಬಾಳುವುದಿಲ್ಲ."

ಕೆಳಗಿನ ಸಾಲಿನಲ್ಲಿ, ನೆಲಕ್ಕೆ ತಾಗಿ,
ಎರಡು ಕಂದು.
ಒಣಗಿದ ಹಲಸಿನೆಲೆಯ ಕಂದು,
ದಿನಕ್ಕೆ ಹತ್ತು ಸಲ ನಾನು ಕಲಸುವ,
ಯಾರೂ ಹೆಸರು ಕೇಳದ ಕಂದು.
"ಇದೆಂತ?"
"ಸಾದಾ. ಆದರೆ ಒಳಗೆ ಬಿಳುಪು ಉಂಟು."

ನನ್ನ ಕಿಸೆಯ ಶೇಡ್ ಕಾರ್ಡು ಎಳೆದು
ಅದರ ಬೆನ್ನಿಗೊಂದು ಚೌಕ ಬರೆದರು, ನಾಲ್ಕು ಮನೆ.
ಅಪ್ಪ ಕಂದು, ಅಮ್ಮ ಕಂದು,
ಇಬ್ಬರೊಳಗೂ ಅಡಗಿದ್ದು ಒಂದಾದರೆ
ನಾಲ್ಕರಲ್ಲೊಂದು ಹಾಲುಬಿಳಿ.
ಉಳಿದ ಮೂರೂ ಕಂದೇ,
ಅವುಗಳಲ್ಲಿ ಎರಡು ಅದನ್ನು ಹೊತ್ತಿರುತ್ತವೆ.
ಯಾವ ಎರಡು ಅಂತ
ಎಂಥ ಕಣ್ಣಿಗೂ ಕಾಣುವುದಿಲ್ಲ.
"ಹಾಗಾದರೆ ಬಿಳಿ ಬಂದದ್ದು ಎಲ್ಲಿಂದ?"
"ಬಂದದ್ದಲ್ಲ. ಇದ್ದದ್ದು."

ಪೆನ್ನಿನ ಮುಚ್ಚಳ ಟಕ್ ಅಂತ ಬಿತ್ತು.

ಮೆಲಿಟಾಳಿಗೆ ಎಂಟು ತಿಂಗಳು ತುಂಬುವಾಗ
ಕಣ್ಣು ನಿಂತ ಬಣ್ಣ: ಕೆರೆಯಂಚಿನ ಪಾಚಿಗೆ
ಎರಡು ಹನಿ ಬೂದಿ. ಬೆಕ್ಕಿನ ಕಣ್ಣು.
ಅಮ್ಮ ತೊಟ್ಟಿಲು ತೂಗುತ್ತಲೇ ಅಂದಿದ್ದರು,
ನಮ್ಮ ಕಡೆ ಯಾರಿಗೂ ಇಲ್ಲ.
ಗ್ರೆಟ್ಟಾಳ ಕಡೆಯೂ ಇರಲಿಲ್ಲ.
ಆ ರಾತ್ರಿ ಎದ್ದು, ದೀಪ ಹಾಕದೆ,
ಹಿಂದಿನ ವರ್ಷದ ಕ್ಯಾಲೆಂಡರ್ ಬಿಚ್ಚಿ
ಮೊಬೈಲಿನ ಬೆಳಕಿನಲ್ಲಿ ತಿಂಗಳು ಎಣಿಸಿದ್ದೆ.
ಅವಳು ನಿದ್ದೆಯಲ್ಲಿದ್ದಳೋ,
ಹಾಳೆ ಮಗುಚುವ ಸದ್ದು ಕೇಳಿದಳೋ.
ಹನ್ನೊಂದು ವರ್ಷವಾಯಿತು. ಕೇಳಿಲ್ಲ.

"ಕಿತ್ತಳೆಯದಾದರೆ ನಾಳೆಯೇ ಗಿರಾಕಿ ಇದ್ದಾರೆ," ಅಂದರು ಬಂಗೇರರು.
"ಕಂದು ಕೊಂಡರೆ ನಾಲ್ಕು ವರ್ಷ ಕಾಯಬೇಕು, ನೋಡಿ."
ಕಾಯುತ್ತೇನೆ ಅಂದೆ. ಎರಡೂ ಕೊಡಿ.
ಅವರು ನಕ್ಕರು. ಡಬ್ಬಿ ಮುಚ್ಚುವ ಮುಂಚೆ
ಕಿಟಕಿಯಾಚೆಯ ನಾಗಬನದ ಕಡೆ ಕೈಯೆತ್ತಿದರು.
ಇದು ನಾಗ ಅಲ್ಲವಲ್ಲ, ಅಂದೆ.
"ಅಲ್ಲ. ಆದರೂ ಒಂದು ಮಾತು ಹೇಳಿ ಕಳಿಸುವುದು."

ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ತೊಡೆಯ ಮೇಲೆ ಬಟ್ಟೆಚೀಲ,
ಮುಲ್ಕಿ ಸೇತುವೆ ದಾಟುವಾಗ ಒಂದು ಮಗ್ಗುಲು ಬದಲಿಸಿತು.
ಎಂತ ಉಂಟು ಅದರಲ್ಲಿ, ಅಂದ ಕಂಡಕ್ಟರ್.
ಬಣ್ಣದ ಸ್ಯಾಂಪಲ್, ಅಂದೆ.

ಮನೆಯಲ್ಲಿ ಮೆಲಿಟಾ ಡಬ್ಬಿಗೆ ಮೂಗು ಒತ್ತಿ,
"ಪಪ್ಪಾ, ಅಷ್ಟೆಲ್ಲ ಬಣ್ಣ ಬಿಟ್ಟು ಇದಾ?"
ಆ ಕಣ್ಣುಗಳನ್ನು ಪೂರ್ತಿ ನೋಡಲು
ನನಗೆ ಇನ್ನೂ ಒಂದು ಗಳಿಗೆ ಬೇಕು.
ಶೇಡ್ ಕಾರ್ಡನ್ನು ಚೌಕ ಮೇಲಾಗಿ
ಊಟದ ಮೇಜಿನ ಮೇಲಿಟ್ಟೆ.
ಒಳಗೆ ಮೀನಿನ ಪೊರೆ ತೆಗೆಯುತ್ತಿದ್ದ ಚೂರಿ ನಿಂತಿತು.
ಗ್ರೆಟ್ಟಾ ಕೈ ಒರೆಸಿಕೊಳ್ಳುತ್ತ ಬಂದಳು,
ಕಾರ್ಡೆತ್ತಿ ತಿರುಗಿಸಿ
ಮುಂಬದಿಯ ಬಣ್ಣಗಳ ಮೇಲೆ ಬೆರಳಾಡಿಸಿ,
"ಯಾವ ಗೋಡೆಗೆ?" ಅಂದಳು.